ಎಕ್ಸ್‌ರೇ ಚೆನ್ನಾಗಿದೆ ಸರಿ, ಕುಕ್ಕರಗಾಲಲ್ಲಿ ಕೂರೋಕೆ ಆಗುತ್ತಾ?

ಕಾಲು ಮುರಿದುಕೊಂಡವರನ್ನು ನೋಡಲು ಹೋದರೆ ಮನೆಯವರು ಮೊದಲು ಎಕ್ಸ್‌ರೇ ತಂದು ಕಿಟಕಿ ಬೆಳಕಿಗೆ ಹಿಡಿಯುತ್ತಾರೆ. ನೋಡಿ, ಪ್ಲೇಟು ಎಷ್ಟು ನೆಟ್ಟಗೆ ಕೂತಿದೆ, ಇಷ್ಟು ಸ್ಕ್ರೂ ಹಾಕಿದ್ದಾರೆ ಅಂತ. ಡಾಕ್ಟರುಗಳೂ ಬಹಳ ಕಾಲ ಅದನ್ನೇ ನೋಡುತ್ತಿದ್ದರು. ಮೂಳೆ ಸರಿಯಾದ ಜಾಗಕ್ಕೆ ಬಂತಾ, ಕೂಡಿಕೊಂಡಿತಾ, ಹಾಗಿದ್ದರೆ ಆಪರೇಷನ್ ಸಕ್ಸಸ್. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಪಾದ ಮತ್ತು ಪಾದದ ಗಂಟಿನ ಆಪರೇಷನ್‌ಗಳ ಮೇಲೆ ನಡೆದ ದೊಡ್ಡ ಅಧ್ಯಯನಗಳು ಬೇರೆಯದೇ ಪ್ರಶ್ನೆ ಕೇಳುತ್ತಿವೆ. ಆ ಮನುಷ್ಯ ಮೆಟ್ಟಿಲು ಹತ್ತುತ್ತಿದ್ದಾನಾ? ನೋವಿಲ್ಲದೆ ನಿದ್ದೆ ಬರುತ್ತಿದೆಯಾ? ಮೊದಲಿನ ಕೆಲಸಕ್ಕೆ ವಾಪಸ್ ಹೋದನಾ?

ಪ್ರಶ್ನೆ ಬದಲಾದ ಮೇಲೆ ಉತ್ತರಗಳೂ ಬದಲಾದವು. ಕೆಲವು ಉತ್ತರಗಳು ಸರ್ಜನ್‌ಗಳಿಗೇ ಇಷ್ಟವಾಗುವಂಥವಲ್ಲ. ಆಪರೇಷನ್ ಬೇಕೇ ಬೇಕು ಅಂತ ಎಲ್ಲರೂ ನಂಬಿದ್ದ ಹಲವು ಕಡೆ, ಆಪರೇಷನ್ ಇಲ್ಲದೆ ಸರಿಯಾಗಿ ನೋಡಿಕೊಂಡರೂ ವರ್ಷದ ಕೊನೆಗೆ ನಡಿಗೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ ಅಂತ ಗೊತ್ತಾಯಿತು. ಇದನ್ನು ಕೇಳಿ ಆಪರೇಷನ್ನೇ ದಂಡ ಅಂತ ಯಾರೂ ತೀರ್ಮಾನ ಮಾಡಬಾರದು. ಹಾಗಲ್ಲ ಅನ್ನುವುದಕ್ಕೂ ಅಷ್ಟೇ ಒಳ್ಳೆಯ ಅಧ್ಯಯನಗಳಿವೆ, ಅಲ್ಲಿಗೂ ಬರುತ್ತೇನೆ. ಆದರೆ ಈ ವಿಷಯ ರೋಗಿಗಳಿಗೆ, ಅವರ ಮನೆಯವರಿಗೆ ತಲುಪಬೇಕು. ಏಕೆಂದರೆ ದುಡ್ಡು ಹೊಂದಿಸುವವರು, ಆರು ವಾರ ಹೆಗಲು ಕೊಟ್ಟು ಬಾತ್‌ರೂಮಿಗೆ ಕರೆದೊಯ್ಯುವವರು ಅವರು.

ಮೊದಲು ಪಾದದ ಗಂಟು ಮುರಿಯುವುದನ್ನೇ ತೆಗೆದುಕೊಳ್ಳೋಣ. ನೀರು ಬಿದ್ದ ಅಂಗಳದಲ್ಲಿ ಜಾರಿ, ಬಸ್ಸಿಂದ ಇಳಿಯುವಾಗ ಕಾಲು ಹೊರಳಿ, ವಯಸ್ಸಾದವರಿಗೆ ಆಗುವ ಮುರಿತಗಳಲ್ಲಿ ಇದು ಬಹಳ ಸಾಮಾನ್ಯ. ಗಂಟಿನ ಎರಡೂ ಕಡೆ ಉಬ್ಬಿರುವ ಮೂಳೆ ಇದೆಯಲ್ಲ, ಅದು ಮುರಿದು ಕೀಲು ಜಾರಿದರೆ ಪ್ಲೇಟು, ಸ್ಕ್ರೂ ಹಾಕಿ ಕೂಡಿಸುವುದು ರೂಢಿ. ಬ್ರಿಟನ್ನಿನ 24 ಕೇಂದ್ರಗಳಲ್ಲಿ 60 ದಾಟಿದ 620 ಜನರ ಮೇಲೆ ಒಂದು ಅಧ್ಯಯನ ನಡೆಯಿತು. 2016ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧ ಜನಕ್ಕೆ ಆಪರೇಷನ್, ಇನ್ನರ್ಧಕ್ಕೆ ಪ್ಲಾಸ್ಟರ್. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ. ಹೀಗೆ ಮಾಡದಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದು ಕಡೆ, ಸೋತವರೆಲ್ಲ ಇನ್ನೊಂದು ಕಡೆ ಸೇರಿಬಿಡುತ್ತಾರೆ. ಆಗ ಹೋಲಿಕೆಗೆ ಅರ್ಥ ಇರಲ್ಲ.

ಆರು ತಿಂಗಳಾದ ಮೇಲೆ ನೂರಕ್ಕೆ ಅಂಕ ಹಾಕಿ ನೋಡಿದರೆ ಆಪರೇಷನ್ ಆದವರು 66, ಪ್ಲಾಸ್ಟರ್‌ನವರು 64.5. ಅಂದರೆ ಒಂದೇ. ಮೂರು ವರ್ಷ ಬಿಟ್ಟು ಮತ್ತೆ ನೋಡಿದಾಗಲೂ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗಾಯ ಬಿಚ್ಚಿಕೊಳ್ಳುವುದು, ಕೀವಾಗುವುದು ಆಪರೇಷನ್ ಗುಂಪಿನಲ್ಲಿ ಶೇ. 10, ಪ್ಲಾಸ್ಟರ್ ಗುಂಪಿನಲ್ಲಿ ಶೇ. 1. ಎಕ್ಸ್‌ರೇ ಕಥೆ ಮಾತ್ರ ಉಲ್ಟಾ. ಮೂಳೆ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದ್ದು ಪ್ಲಾಸ್ಟರ್ ಗುಂಪಿನಲ್ಲಿ ಶೇ. 15, ಆಪರೇಷನ್ ಗುಂಪಿನಲ್ಲಿ ಬರೀ ಶೇ. 3. ಚಿತ್ರದಲ್ಲಿ ಸೊಟ್ಟಗೆ ಕಂಡವರು ಅಷ್ಟು ಜಾಸ್ತಿ ಇದ್ದರೂ ಆ ಗುಂಪಿನ ಒಟ್ಟು ನಡಿಗೆ ಕೆಡಲಿಲ್ಲ. ಎಕ್ಸ್‌ರೇ ಒಂದನ್ನೇ ನಂಬಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗಂತೂ ಗೊತ್ತಿಲ್ಲ.

ಇಲ್ಲಿ ಒಂದು ವಿಷಯ ಬಿಟ್ಟರೆ ಇಡೀ ಲೆಕ್ಕ ತಪ್ಪಾಗುತ್ತದೆ. ಆ ಪ್ಲಾಸ್ಟರ್ ನಾವು ಅಂದುಕೊಂಡಂಥ ಪ್ಲಾಸ್ಟರ್ ಅಲ್ಲ. ರೋಗಿಯನ್ನು ಆಪರೇಷನ್ ಥಿಯೇಟರಿಗೇ ಕರೆದುಕೊಂಡು ಹೋಗಿ, ಅರಿವಳಿಕೆ ಕೊಟ್ಟು, ಸರ್ಜನ್ ಕೈಯಾರೆ ಮೂಳೆಯನ್ನು ಜಾಗಕ್ಕೆ ತಂದು, ಒಳಗೆ ಹತ್ತಿ ಆದಷ್ಟು ಕಡಿಮೆ ಇಟ್ಟು, ಕಾಲಿನ ಆಕಾರಕ್ಕೆ ಅಂಟಿಕೊಳ್ಳುವ ಹಾಗೆ ಒತ್ತಿ ಒತ್ತಿ ಹಾಕಿದ ಪ್ಲಾಸ್ಟರ್ ಅದು. ದಪ್ಪ ಹತ್ತಿ ಸುತ್ತಿ ಮೇಲೊಂದು ಪಟ್ಟಿ ಬಿಗಿದರೆ ಊತ ಇಳಿದ ಕೂಡಲೇ ಒಳಗೆ ಕಾಲು ಸಡಿಲವಾಗುತ್ತದೆ, ಮೂಳೆ ಮತ್ತೆ ಜಾರುತ್ತದೆ. ಇಷ್ಟು ಜಾಗ್ರತೆ ಮಾಡಿದರೂ ಪ್ಲಾಸ್ಟರ್‌ನಿಂದ ಶುರು ಮಾಡಿದವರಲ್ಲಿ ಶೇ. 19 ಜನಕ್ಕೆ ಆಮೇಲೆ ಆಪರೇಷನ್ ಮಾಡಲೇಬೇಕಾಯಿತು. ಮೂಳೆ ಜಾರಿದ್ದು ಗೊತ್ತಾಗಿದ್ದು ಮತ್ತೆ ಮತ್ತೆ ಎಕ್ಸ್‌ರೇ ತೆಗೆದು ನೋಡಿದ್ದರಿಂದ. ಹಾಗಾಗಿ ಆಪರೇಷನ್ ಬೇಡ ಅಂದರೆ ಮನೆಗೆ ಹೋಗಿ ಮಲಗಿ ಅಂತಲ್ಲ. ಕೈಚಳಕವೂ ಬೇಕು, ಕಾವಲೂ ಬೇಕು.

ಈಗ ಆ ಅಂಕದ ವಿಷಯ. ನೂರಕ್ಕೆ 66 ಅಂದೆವಲ್ಲ, ಯಾವ ನೂರು? ಈ ಅಧ್ಯಯನದಲ್ಲಿ ಬಳಸಿದ್ದು ಓಲೆರುಡ್ ಮೊಲಾಂಡರ್ ಸ್ಕೋರ್ ಅನ್ನುವ ಪ್ರಶ್ನೆಪಟ್ಟಿ. ಸ್ವೀಡನ್ನಿನ ಇಬ್ಬರು ಡಾಕ್ಟರುಗಳು 1984ರಲ್ಲಿ ಮಾಡಿದ್ದು. ರೋಗಿಯೇ ತುಂಬಬೇಕು. ನೋವಿಗೆ 25 ಅಂಕ. ಕೆಲಸ ಮತ್ತು ದಿನದ ಚಟುವಟಿಕೆಗೆ 20. ಬಿಗಿತ, ಊತ, ಮೆಟ್ಟಿಲು, ಕೋಲಿನ ಆಸರೆ, ಇವಕ್ಕೆ ತಲಾ 10. ಓಡುವುದಕ್ಕೆ 5, ಹಾರುವುದಕ್ಕೆ 5, ಕುಕ್ಕರಗಾಲಲ್ಲಿ ಕೂರುವುದಕ್ಕೆ 5. ಅಂದರೆ ಕುಕ್ಕರಗಾಲಲ್ಲಿ ಕೂರಲು ಒಂಚೂರೂ ಆಗದವನಿಗೂ ನೂರಕ್ಕೆ 95 ಬರಬಹುದು. ಕುರ್ಚಿ, ಕಮೋಡು, ಎತ್ತರದ ಒಲೆಕಟ್ಟೆ ಇರುವ ಊರಿನಲ್ಲಿ ಅದು ಸರಿಯಾದ ಲೆಕ್ಕವೇ. ನಮ್ಮಲ್ಲಿ ಹಾಲು ಕರೆಯುವುದು, ಕಳೆ ಕೀಳುವುದು, ಹೂವು ಬಿಡಿಸುವುದು, ನೆಲ ಒರೆಸುವುದು, ಹಳ್ಳಿ ಮನೆಯ ಪಾಯಿಖಾನೆ, ಎಲ್ಲಾ ಕುಕ್ಕರಗಾಲಲ್ಲೇ ಅಲ್ವಾ? ಹೊಲದಲ್ಲಿ ಕೂಲಿ ಮಾಡುವ ಹೆಂಗಸಿಗೆ ಆ 5 ಅಂಕ ಅಂದರೆ ಅರ್ಧ ಜೀವನ.

ಇದರಿಂದ ಬ್ರಿಟನ್ನಿನ ಅಧ್ಯಯನ ಸುಳ್ಳಾಗುವುದಿಲ್ಲ. ಅವರ ಜನಕ್ಕೆ ಬೇಕಾದ್ದನ್ನು ಅವರು ಕೇಳಿದ್ದಾರೆ. ಆದರೆ ಅದರ ಫಲಿತಾಂಶವನ್ನು ಮಂಡ್ಯದ ಗದ್ದೆಗೆ ತಂದು ಇಡುವಾಗ ನಮ್ಮ ಡಾಕ್ಟರುಗಳು ಒಂದು ಪ್ರಶ್ನೆ ಜಾಸ್ತಿ ಕೇಳಬೇಕು. ಇನ್ನೂ ಒಂದು ವಿಷಯ ಇದೆ. ಗಂಟಿನ ಹೊರಬದಿಗೆ ಹಾಕುವ ಪ್ಲೇಟಿನ ಮೇಲೆ ಮಾಂಸವೇ ಇಲ್ಲ, ತೆಳ್ಳಗಿನ ಚರ್ಮ ಅಷ್ಟೇ. ಚಕ್ಕಳಮಕ್ಕಳ ಹಾಕಿ ಗಟ್ಟಿ ನೆಲದ ಮೇಲೆ ಕೂತರೆ ಸರಿಯಾಗಿ ಆ ಪ್ಲೇಟೇ ನೆಲಕ್ಕೆ ಒತ್ತುತ್ತದೆ. ಪೂಜೆಗೆ, ಊಟಕ್ಕೆ, ಭಜನೆಗೆ ಕೂರುವವರಿಗೆ ಇದು ದಿನದಿನದ ನೋವು. ನಮಾಜಿಗೆ ಮೊಣಕಾಲೂರಿ ಪಾದ ಮಡಿಸಿ ಕೂರುವವರಿಗೆ ಬಿಗಿತದ ಕಾಟ ಬೇರೆ. ಕೊನೆಗೆ ಪ್ಲೇಟು ತೆಗೆಸೋಕೆ ಇನ್ನೊಂದು ಆಪರೇಷನ್, ಇನ್ನೊಂದು ಬಿಲ್ಲು. ಸೋಫಾ ಮೇಲೆ ಕೂರುವವರಿಗೆ ಇದು ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಹಾಗೆ ನೋಡಿದರೆ ಮೊದಲಿನ ಅಳತೆಗೋಲು ಇದಕ್ಕಿಂತ ಕೆಟ್ಟದಿತ್ತು. ಅಮೆರಿಕದ ಪಾದದ ಸರ್ಜನ್‌ಗಳ ಸಂಘದ ಹೆಸರಿನಲ್ಲಿ 1994ರಿಂದ ಬಳಕೆಗೆ ಬಂದ ಸ್ಕೋರಿನಲ್ಲಿ ಅಂಕದ ಒಂದು ಪಾಲನ್ನು ಡಾಕ್ಟರೇ ಹಾಕುತ್ತಿದ್ದರು. ಪಾದ ನೆಟ್ಟಗಿದೆಯಾ ಅನ್ನುವುದಕ್ಕೂ ಅದರಲ್ಲಿ ಅಂಕ. ತಾನು ಮಾಡಿದ ಆಪರೇಷನ್ನಿಗೆ ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ. 2011ರಲ್ಲಿ ಆ ಸಂಘವೇ ಇದನ್ನು ಬಳಸಬೇಡಿ ಅಂತ ಹೇಳಿತು. ಹಳೆಯ ಲೇಖನಗಳಲ್ಲಿ ಶೇ. 90ಕ್ಕೂ ಮೇಲೆ ಒಳ್ಳೆಯ ಫಲಿತಾಂಶ ಅಂತ ಕಂಡರೆ ಯಾವ ಸ್ಕೋರು, ಯಾರು ತುಂಬಿದ್ದು ಅಂತ ಒಮ್ಮೆ ನೋಡಿ.

ಮುರಿದ ಗಂಟಿಗೆ ಆಪರೇಷನ್ ಆಗೇ ಹೋಯಿತು ಅಂದುಕೊಳ್ಳಿ. ಮುಂದಿನ ಪ್ರಶ್ನೆ, ಕಾಲು ಊರುವುದು ಯಾವಾಗ? ಆರು ವಾರ ಕಾಲು ನೆಲಕ್ಕೆ ತಾಗಿಸಬೇಡಿ ಅಂತ ಹೇಳುವುದು ಎಲ್ಲಾ ಕಡೆ ರೂಢಿ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಪರೀಕ್ಷೆ ಮಾಡಿತು. ಬ್ರಿಟನ್ನಿನ 23 ಆಸ್ಪತ್ರೆ, 561 ಜನ. ಅರ್ಧ ಜನ ಎರಡು ವಾರಕ್ಕೇ ಕಾಲೂರಿ ನಡೆಯಲು ಶುರು ಮಾಡಿದರು, ಉಳಿದವರು ಆರು ವಾರ ಕಾದರು. ನಾಲ್ಕು ತಿಂಗಳಿಗೆ ಅಂಕ ನೋಡಿದರೆ ಬೇಗ ನಡೆದವರದು 65.9, ಕಾದವರದು 61.2. ಬೇಗ ನಡೆದದ್ದರಿಂದ ನಷ್ಟ ಏನೂ ಆಗಲಿಲ್ಲ.

ನನಗೆ ಇದು ಈ ಕ್ಷೇತ್ರದ ಅತ್ಯಂತ ಉಪಯೋಗದ ಅಧ್ಯಯನ ಅನ್ನಿಸುತ್ತದೆ. ದುಬಾರಿ ಇಂಪ್ಲಾಂಟು ಬೇಡ, ಹೊಸ ಮೆಷಿನ್ನೂ ಬೇಡ, ಡಾಕ್ಟರ್ ಹೇಳುವ ಒಂದು ಮಾತು ಬದಲಾದರೆ ಸಾಕು. ನಾಲ್ಕು ವಾರ ಮೊದಲೇ ಕಾಲೂರಬಹುದು ಅಂದರೆ ಏನರ್ಥ ಅಂತ ಮೂರನೇ ಮಹಡಿಯಲ್ಲಿ ಲಿಫ್ಟ್ ಇಲ್ಲದ ಬಾಡಿಗೆ ಮನೆಯಲ್ಲಿ ಇರುವವರನ್ನು ಕೇಳಿ. ವಾಕರ್ ತೂರದ ಬಾತ್‌ರೂಮು, ಹೊಸಿಲು, ಒದ್ದೆ ನೆಲ. ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಹೋಗಿ ಜಾರಿಬಿದ್ದು ಇನ್ನೊಂದು ಕಾಲೋ ಸೊಂಟವೋ ಮುರಿದುಕೊಂಡರೆ ಮೊದಲನೆಯದಕ್ಕಿಂತ ದೊಡ್ಡ ಗಂಡಾಂತರ. ಆದರೆ ಒಂದು ಎಚ್ಚರಿಕೆ. ಪಾದದಲ್ಲಿ ಸ್ಪರ್ಶ ಕಡಿಮೆ ಆದವರನ್ನು, ಅಂದರೆ ಶುಗರ್‌ನಿಂದ ನರ ಸತ್ತವರಂಥವರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ನೋವೇ ಗೊತ್ತಾಗದ ಕಾಲಲ್ಲಿ ಬೇಗ ನಡೆದರೆ ಒಳಗೆ ಸ್ಕ್ರೂ ಸಡಿಲವಾದರೂ ತಿಳಿಯುವುದಿಲ್ಲ. ಅವರು ಇದನ್ನು ಓದಿ ತಾವೇ ಕಾಲೂರಲು ಹೋಗಬಾರದು. ಉಳಿದವರೂ ಅಷ್ಟೇ, ನಿಮ್ಮ ಮೂಳೆ ಎಷ್ಟು ಗಟ್ಟಿಯಾಗಿ ಕೂಡಿಸಿದ್ದಾರೆ ಅನ್ನುವುದು ನಿಮ್ಮ ಸರ್ಜನ್ನಿಗೆ ಗೊತ್ತು. ಅವರನ್ನು ಕೇಳಿ, ಆದರೆ ಕೇಳಿ. ಸುಮ್ನೆ ಆರು ವಾರ ಅಂತ ತಲೆ ಆಡಿಸಿ ಬರಬೇಡಿ.

ಇನ್ನು ಹಿಮ್ಮಡಿ ನರ. ನರ ಅಂತ ಬಾಯಿಮಾತಿಗೆ ಅನ್ನುತ್ತೇವೆ, ಅದು ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ದಪ್ಪ ಸ್ನಾಯುರಜ್ಜು, ಅಖಿಲೀಸ್ ಟೆಂಡನ್. ವಾರಕ್ಕೊಮ್ಮೆ ಶಟಲ್ ಆಡುವ ನಲವತ್ತರ ಗಂಡಸರಲ್ಲಿ ಇದು ಪಟ್ ಅಂತ ಹರಿಯುತ್ತದೆ, ಹಿಂದಿನಿಂದ ಯಾರೋ ಒದ್ದ ಹಾಗೆ ಆಯಿತು ಅಂತ ಹೇಳುತ್ತಾರೆ. ಹೊಲಿಯಬೇಕಾ, ಹಾಗೇ ಬಿಟ್ಟು ಬೂಟು ಹಾಕಬೇಕಾ? ನಾರ್ವೆಯ ನಾಲ್ಕು ಆಸ್ಪತ್ರೆಗಳ ಅಧ್ಯಯನ 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. 526 ಜನರ ಲೆಕ್ಕ. ಒಂದು ಗುಂಪಿಗೆ ಆಪರೇಷನ್ ಇಲ್ಲ, ಒಂದಕ್ಕೆ ಉದ್ದ ಗಾಯ ಮಾಡಿ ಹೊಲಿಗೆ, ಇನ್ನೊಂದಕ್ಕೆ ಚಿಕ್ಕ ಗಾಯದಲ್ಲಿ ಹೊಲಿಗೆ. ಮೂರೂ ಗುಂಪಿಗೆ ಆಮೇಲಿನ ಆರೈಕೆ ಒಂದೇ ಥರ. ಬೆರಳು ಕೆಳಮುಖವಾಗಿ ಇಟ್ಟು ಎರಡು ವಾರ ಪ್ಲಾಸ್ಟರ್, ನಂತರ ಹಿಮ್ಮಡಿ ಕೆಳಗೆ ಬೆಣೆ ಇಟ್ಟು ಎತ್ತರಿಸಿದ ಬೂಟು, ಅದರಲ್ಲೇ ಭಾರ ಹಾಕಿ ನಡಿಗೆ, ಬೆಣೆ ಒಂದೊಂದಾಗಿ ತೆಗೆಯುವುದು.

ಇಲ್ಲಿ ಅಂಕ ಹಾಕಿದ್ದು ಅಖಿಲೀಸ್‌ಗೇ ಮಾಡಿದ ಬೇರೆ ಪ್ರಶ್ನೆಪಟ್ಟಿಯಿಂದ, ಅದೂ ನೂರಕ್ಕೆ. ವರ್ಷ ಕಳೆದ ಮೇಲೆ ಮೂರೂ ಗುಂಪು ಪೆಟ್ಟಾಗುವ ಮೊದಲಿನ ಅಂಕಕ್ಕಿಂತ 17, 16 ಮತ್ತು 14.7 ಕೆಳಗೆ ಇದ್ದವು. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಮತ್ತೆ ಹರಿದುಕೊಂಡವರು ಮಾತ್ರ ಆಪರೇಷನ್ ಇಲ್ಲದ ಗುಂಪಿನಲ್ಲಿ ಶೇ. 6.2, ಆಪರೇಷನ್ ಆದ ಎರಡೂ ಗುಂಪಿನಲ್ಲಿ ಶೇ. 0.6. ನಿಜವಾದ ನರಕ್ಕೆ ಪೆಟ್ಟಾಗಿದ್ದು ಚಿಕ್ಕ ಗಾಯದ ಗುಂಪಿನಲ್ಲಿ ಶೇ. 5.2, ದೊಡ್ಡ ಗಾಯದ ಗುಂಪಿನಲ್ಲಿ ಶೇ. 2.8, ಆಪರೇಷನ್ ಇಲ್ಲದವರಲ್ಲಿ ಶೇ. 0.6.

ಈ ಲೆಕ್ಕವನ್ನು ಹೀಗೆ ನೋಡಿ. ನೂರು ಜನಕ್ಕೆ ಹೊಲಿಗೆ ಹಾಕಿದರೆ ಐದಾರು ಜನ ಮತ್ತೆ ಹರಿದುಕೊಳ್ಳುವುದು ತಪ್ಪುತ್ತದೆ. ಅದೇ ನೂರರಲ್ಲಿ ಎರಡರಿಂದ ಐದು ಜನಕ್ಕೆ ಪಾದದ ಬದಿ ಜೋಮು ಹಿಡಿಯುವ ಅಪಾಯ ಸೇರಿಕೊಳ್ಳುತ್ತದೆ. ಉಳಿದ ತೊಂಬತ್ತು ಜನಕ್ಕೆ ಯಾವುದು ಮಾಡಿದರೂ ಒಂದೇ. ಚಿಕ್ಕ ಗಾಯ ಅಂದರೆ ಚಿಕ್ಕ ಅಪಾಯ ಅಂತ ಜಾಹೀರಾತು ನೋಡಿ ನಂಬಿದವರು ಆ ಶೇ. 5.2 ಅನ್ನು ಇನ್ನೊಮ್ಮೆ ಓದಬೇಕು. ಇಲ್ಲಿ ಸರಿ ಉತ್ತರ ಒಂದೇ ಇಲ್ಲ. ರಾಜ್ಯ ತಂಡಕ್ಕೆ ಕಬಡ್ಡಿ ಆಡುವ ಇಪ್ಪತ್ತರ ಹುಡುಗ ಮತ್ತೆ ಹರಿಯುವ ಅಪಾಯ ಬೇಡ ಅನ್ನಬಹುದು. ಶುಗರ್ ಇರುವ ಐವತ್ತರ ಅಂಗಡಿ ಯಜಮಾನರಿಗೆ ಗಾಯ ಮಾಯದೇ ಹೋಗುವ ಭಯ ಅದಕ್ಕಿಂತ ದೊಡ್ಡದು. ಆದರೆ ಇಬ್ಬರ ಮುಂದೆಯೂ ಈ ಸಂಖ್ಯೆಗಳನ್ನು ಇಡಬೇಕು. ಇನ್ನೊಂದು ವಿಷಯ, ಆ ನಾರ್ವೆ ಜನ ಪೆಟ್ಟಾದ ಕೂಡಲೇ ಆಸ್ಪತ್ರೆಗೆ ಬಂದವರು. ನಮ್ಮಲ್ಲಿ ಉಳುಕು ಅಂತ ಎಣ್ಣೆ ನೀವಿಸಿಕೊಂಡು ತಿಂಗಳು ಬಿಟ್ಟು ಬರುವವರಿದ್ದಾರೆ. ಅಷ್ಟು ಹೊತ್ತಿಗೆ ಹರಿದ ತುದಿಗಳು ದೂರ ಸರಿದಿರುತ್ತವೆ, ಬೂಟಿನ ಚಿಕಿತ್ಸೆಯ ಫಲಿತಾಂಶ ಅವರಿಗೆ ಅನ್ವಯಿಸುವುದಿಲ್ಲ. ಹಾಗೇ, ಭೇದಿಗೆ, ಉರಿಮೂತ್ರಕ್ಕೆ ಅಂತ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುವ ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳು ಈ ಟೆಂಡನ್ ಹರಿಯುವ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದಾರೆ. ಅರವತ್ತು ದಾಟಿದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ವಿಶೇಷವಾಗಿ ನೆನಪಿಟ್ಟುಕೊಳ್ಳಬೇಕು.

ಹಿಮ್ಮಡಿ ಮೂಳೆ ಪುಡಿಯಾಗುವುದು ಮೇಲಿಂದ ಬಿದ್ದು. ಸೆಂಟ್ರಿಂಗ್ ಕೆಲಸದವರು, ಪೇಂಟರ್‌ಗಳು, ತೆಂಗು ಅಡಿಕೆ ಮರ ಹತ್ತುವವರು. ಹೊರಬದಿಯಲ್ಲಿ ದೊಡ್ಡ ಗಾಯ ಮಾಡಿ ಚೂರುಗಳನ್ನು ಜೋಡಿಸಿ ಪ್ಲೇಟು ಹಾಕುವ ಆಪರೇಷನ್ ಮತ್ತು ಆಪರೇಷನ್ ಇಲ್ಲದ ಚಿಕಿತ್ಸೆಯನ್ನು ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ಜನರ ಮೇಲೆ ಹೋಲಿಸಿ ನೋಡಿದರು, 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎರಡು ವರ್ಷದ ನಂತರ ನೋವು, ನಡಿಗೆ ಎರಡರಲ್ಲೂ ಒಂದೇ ಮಟ್ಟ. ತೊಂದರೆ, ಮರು ಆಪರೇಷನ್ ಮಾತ್ರ ಆಪರೇಷನ್ ಗುಂಪಿನಲ್ಲಿ ಶೇ. 23, ಇನ್ನೊಂದರಲ್ಲಿ ಶೇ. 4. ಸರ್ಜನ್‌ಗಳು ಇದಕ್ಕೆ ಆಕ್ಷೇಪ ಎತ್ತಿದರು, ಅದರಲ್ಲಿ ಹುರುಳೂ ಇದೆ. ಹಿಮ್ಮಡಿ ತೀರಾ ವಿಕಾರವಾದವರನ್ನು ಅಧ್ಯಯನದಿಂದ ಹೊರಗೆ ಇಟ್ಟಿದ್ದರು. ಈಗ ಚಿಕ್ಕ ಗಾಯದಲ್ಲಿ ಮಾಡುವ ವಿಧಾನವೂ ಬಂದಿದೆ, ಅದರಲ್ಲಿ ಗಾಯದ ತೊಂದರೆ ಕಡಿಮೆ. ಆದರೂ ಬೀಡಿ ಸೇದುವ, ಶುಗರ್ ಇರುವ ಕೂಲಿಕಾರನ ಹಿಮ್ಮಡಿಗೆ ದೊಡ್ಡ ಗಾಯ ಮಾಡುವ ಮೊದಲು ಎರಡು ಸಲ ಯೋಚಿಸಲೇಬೇಕು.

ಸವೆದ ಪಾದದ ಗಂಟಿನ ಕಥೆ ಬೇರೆ. ಅಲ್ಲಿ ಎರಡೂ ಆಪರೇಷನ್ನುಗಳೇ. ಮೂಳೆಗಳನ್ನು ಸ್ಕ್ರೂ ಹಾಕಿ ಒಂದಕ್ಕೊಂದು ಬೆಸೆದುಬಿಡುವುದು ಒಂದು, ಮಂಡಿಗೆ ಮಾಡುವ ಹಾಗೆ ಕೃತಕ ಕೀಲು ಕೂರಿಸುವುದು ಇನ್ನೊಂದು. 2022ರಲ್ಲಿ ಬಂದ ಟಾರ್ವಾ ಅನ್ನುವ ಹೆಸರಿನ ಅಧ್ಯಯನ 50ರಿಂದ 85 ವಯಸ್ಸಿನ 303 ಜನರನ್ನು ಹೋಲಿಸಿತು. ಒಂದು ವರ್ಷಕ್ಕೆ ಎರಡೂ ಗುಂಪಿನ ಸ್ಥಿತಿ ಬಹಳ ಸುಧಾರಿಸಿತ್ತು, ನಡಿಗೆಯ ಅಂಕದಲ್ಲಿ ಸುಮಾರು 50 ಮತ್ತು 44ರಷ್ಟು ಸುಧಾರಣೆ. ಕೃತಕ ಕೀಲು ಒಂಚೂರು ಮುಂದೆ ಕಂಡರೂ ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಅನ್ನುವಷ್ಟು ಸಣ್ಣದು. ಗಾಯ ಮಾಯುವ ತೊಂದರೆ ಕೃತಕ ಕೀಲಿನವರಲ್ಲಿ ಶೇ. 13.4, ಬೆಸೆದವರಲ್ಲಿ ಶೇ. 5.7. ಬೆಸೆದವರಲ್ಲಿ ಶೇ. 12ರಷ್ಟು ಜನಕ್ಕೆ ಮೂಳೆ ಕೂಡಲಿಲ್ಲ, ಅದರಲ್ಲಿ ಹಲವರಿಗೆ ಅದರಿಂದ ತೊಂದರೆಯೇ ಗೊತ್ತಾಗಲಿಲ್ಲ. ನಮ್ಮಲ್ಲಿ ಇದನ್ನು ಆರಿಸುವಾಗ ಮತ್ತೆ ಅದೇ ಕುಕ್ಕರಗಾಲಿನ ಪ್ರಶ್ನೆ ಬರುತ್ತದೆ. ಬೆಸೆದ ಗಂಟಿನಲ್ಲಿ ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರುವುದು ಸಾಧ್ಯವೇ ಇಲ್ಲ. ಕೃತಕ ಕೀಲು ಹಾಕಿಸಿದರೆ ಮೊದಲಿನ ಹಾಗೆ ಮಡಚುತ್ತದೆ ಅಂತಲೂ ಅಲ್ಲ. ನೆಲದ ಕೆಲಸ, ಭಾರದ ಕೆಲಸ ಮಾಡುವವರಿಗೆ ಕೃತಕ ಕೀಲು ಸವೆಯುವ ಚಿಂತೆ ಜಾಸ್ತಿ. ನೋವು ಹೋಗುತ್ತದೆ, ಆದರೆ ಮನೆಗೆ ಕಮೋಡು ಹಾಕಿಸಬೇಕು ಅಂತ ಯಾರಾದರೂ ಆಪರೇಷನ್ನಿಗೆ ಮೊದಲೇ ಹೇಳಬೇಕು.

ಇದರ ನಡುವೆ ಪಿಆರ್‌ಪಿ ಇಂಜೆಕ್ಷನ್ ಮಾರುವವರ ಸಂಖ್ಯೆ ಏರುತ್ತಿದೆ. ನಿಮ್ಮದೇ ರಕ್ತ ತೆಗೆದು ತಿರುಗಿಸಿ ಅದರ ಪ್ಲೇಟ್ಲೆಟ್ ಭಾಗವನ್ನು ನೋವಿರುವ ಜಾಗಕ್ಕೆ ಚುಚ್ಚುವುದು. ನಿಮ್ಮದೇ ರಕ್ತ, ಸೈಡ್ ಎಫೆಕ್ಟ್ ಇಲ್ಲ ಅನ್ನುವ ಮಾತು ಕೇಳೋಕೆ ಚೆನ್ನಾಗಿರುತ್ತದೆ. ಹರಿದ ಅಖಿಲೀಸ್‌ಗೆ 230 ಜನರ ಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು, ಪ್ರಯೋಜನ ಇಲ್ಲ. ಬಹಳ ದಿನದಿಂದ ನೋಯುತ್ತಿದ್ದ ಅಖಿಲೀಸ್‌ಗೆ 240 ಜನರ ಮೇಲೆ, 2021ರಲ್ಲಿ, ಒಳಗೆ ಏನೂ ಇಲ್ಲದ ಸುಳ್ಳು ಇಂಜೆಕ್ಷನ್ನಿಗಿಂತ ಹೆಚ್ಚಿನ ಪ್ರಯೋಜನ ಇಲ್ಲ. ಸವೆದ ಪಾದದ ಗಂಟಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ 100 ಜನರ ಮೇಲೆ, ಅದೂ 2021ರಲ್ಲಿ, ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಹೆಚ್ಚಿನ ಪ್ರಯೋಜನ ಇಲ್ಲ. ಮೂರೂ ಒಳ್ಳೆಯ ಅಧ್ಯಯನಗಳು, ಮೂರರದ್ದೂ ಒಂದೇ ಉತ್ತರ. ಈ ಮೂರು ಕಾಯಿಲೆಗೆ ಆ ದುಡ್ಡು ಕೊಡುವ ಬದಲು ಒಳ್ಳೆಯ ಫಿಸಿಯೋಥೆರಪಿಗೆ ಕೊಡಿ.

ಹಾಗಾದರೆ ಆಪರೇಷನ್ ಗೆದ್ದದ್ದು ಎಲ್ಲೂ ಇಲ್ಲವಾ? ಇದೆ. ಹೆಬ್ಬೆರಳು ಸೊಟ್ಟಗಾಗಿ ಪಕ್ಕದಲ್ಲಿ ಗಂಟು ಏಳುತ್ತದಲ್ಲ, ಅದಕ್ಕೆ ಫಿನ್‌ಲ್ಯಾಂಡಿನಲ್ಲಿ 209 ಜನರ ಮೇಲೆ ನಡೆದ, 2001ರಲ್ಲಿ ಬಂದ ಅಧ್ಯಯನದಲ್ಲಿ ವರ್ಷದ ಕೊನೆಗೆ ಆಪರೇಷನ್ ಆದವರೇ ಶೂ ಒಳಗಿನ ಪಟ್ಟಿ ಹಾಕಿಕೊಂಡವರಿಗಿಂತಲೂ ಸುಮ್ಮನೆ ಕಾದವರಿಗಿಂತಲೂ ಚೆನ್ನಾಗಿದ್ದರು. ನೋವಿದ್ದರೆ ಮಾತ್ರ, ಬರೀ ಅಂದಕ್ಕೆ ಮಾಡಿಸುವುದು ಬೇರೆ ಮಾತು.

ಅದಕ್ಕಿಂತ ನಮಗೆ ಮುಖ್ಯವಾದದ್ದು ಶುಗರ್ ಕಾಲು. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ. ಪಾದದ ಹುಣ್ಣು ಮಾಯುತ್ತದೆ, ಮತ್ತೆ ಬರುತ್ತದೆ, ಮಾಯಿದವರಲ್ಲಿ ಶೇ. 40 ಜನಕ್ಕೆ ಒಂದೇ ವರ್ಷದಲ್ಲಿ ಮರುಕಳಿಸುತ್ತದೆ. ಇದಕ್ಕೆ ಒಂದು ಕಾರಣ ಅಂದರೆ ಅಖಿಲೀಸ್ ಬಿಗಿಯಾಗಿ ಪಾದದ ಮುಂಭಾಗಕ್ಕೆ ಒತ್ತಡ ಬೀಳುತ್ತಿರುತ್ತದೆ, ಹುಣ್ಣು ಮಾಯಿತು ನಿಜ, ಒತ್ತಡ ಹೋಗಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 64 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಶೇಷ ಪ್ಲಾಸ್ಟರ್ ಮಾತ್ರ, ಇನ್ನೊಂದಕ್ಕೆ ಪ್ಲಾಸ್ಟರ್ ಜೊತೆ ಚರ್ಮದ ಮೇಲಿನ ಸಣ್ಣ ರಂಧ್ರಗಳ ಮೂಲಕ ಅಖಿಲೀಸ್ ಸ್ವಲ್ಪ ಉದ್ದ ಮಾಡುವ ಆಪರೇಷನ್ ಮಾಡಿದರು. 2003ರಲ್ಲಿ ಪ್ರಕಟವಾದ ಲೆಕ್ಕದಂತೆ ಎರಡು ವರ್ಷದಲ್ಲಿ ಹುಣ್ಣು ಮತ್ತೆ ಬಂದದ್ದು ಬರೀ ಪ್ಲಾಸ್ಟರ್‌ನವರಲ್ಲಿ ಶೇ. 81, ಆಪರೇಷನ್ ಆದವರಲ್ಲಿ ಶೇ. 38. ಹೆಚ್ಚು ಉದ್ದ ಮಾಡಿಬಿಟ್ಟರೆ ಒತ್ತಡ ಹಿಂದಕ್ಕೆ ಸರಿದು ಹಿಮ್ಮಡಿಯಲ್ಲೇ ಹುಣ್ಣಾಗುವ ಅಪಾಯ ಇದೆ, ಹಾಗಾಗಿ ಕೈ ಪಳಗಿದವರೇ ಮಾಡಬೇಕು. ಬಾಗಿದ ಬೆರಳಿನ ತುದಿಯಲ್ಲಿ ಹುಣ್ಣಾದವರಿಗೆ ಬೆರಳಿನ ಟೆಂಡನ್ನನ್ನು ಸೂಜಿಯಷ್ಟು ಗಾಯದಲ್ಲಿ ಕತ್ತರಿಸಿ ಬೆರಳು ನೆಟ್ಟಗೆ ಮಾಡುವುದನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಒಪ್ಪುತ್ತವೆ. ಇಂಥ ಚಿಕ್ಕ ಆಪರೇಷನ್ ಸಕಾಲಕ್ಕೆ ಸಿಗದೆ ಬೆರಳು, ಆಮೇಲೆ ಪಾದ ಕಳೆದುಕೊಳ್ಳುವವರನ್ನು ನೆನೆದರೆ ಸಂಕಟವಾಗುತ್ತದೆ. ದುಬಾರಿ ಆಪರೇಷನ್ ಸುಲಭವಾಗಿ ಸಿಗುತ್ತದೆ, ಶುಗರ್ ಕಾಲಿಗೆ ಮಾಡುವ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಮತ್ತು ಹತ್ತು ನಿಮಿಷದ ಆಪರೇಷನ್ ಸಿಗುವುದಿಲ್ಲ.

ಮಕ್ಕಳ ಸೊಟ್ಟ ಪಾದದಲ್ಲಂತೂ ದಶಕಗಳ ಸಾಕ್ಷಿ ಇದೆ. ಹುಟ್ಟುತ್ತಲೇ ಪಾದ ಒಳಗೆ ತಿರುಗಿದ ಮಕ್ಕಳಿಗೆ ಕೀಲುಗಳನ್ನೆಲ್ಲ ಬಿಡಿಸಿ ಸರಿಮಾಡುವ ದೊಡ್ಡ ಆಪರೇಷನ್ ಒಂದು ಕಾಲದಲ್ಲಿ ಎಲ್ಲೆಡೆ ನಡೆಯುತ್ತಿತ್ತು. ಆ ಮಕ್ಕಳು ಮೂವತ್ತು ದಾಟಿದ ಮೇಲೆ ಹುಡುಕಿ ನೋಡಿ 2006ರಲ್ಲಿ ಪ್ರಕಟಿಸಿದಾಗ ಹಲವರ ಪಾದ ಬಿಗಿದು, ಸವೆದು, ನೋಯುತ್ತಿತ್ತು. ಎಷ್ಟು ಹೆಚ್ಚು ಬಿಡಿಸಿದ್ದರೋ ಅಷ್ಟು ಕೆಟ್ಟ ಫಲಿತಾಂಶ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಇಗ್ನಾಸಿಯೊ ಪೊನ್ಸೆಟಿ ಕೈಯಲ್ಲಿ ವಾರ ವಾರ ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್ ಹಾಕಿಸಿಕೊಂಡ ಮಕ್ಕಳನ್ನು ಅಷ್ಟೇ ವರ್ಷದ ನಂತರ ನೋಡಿದಾಗ ಶೇ. 78 ಜನ ಚೆನ್ನಾಗಿದ್ದರು. ಇವತ್ತು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೆಯುವುದು ಇದೇ ವಿಧಾನ. ಐದಾರು ಪ್ಲಾಸ್ಟರ್, ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಟೆಂಡನ್ನಿಗೆ ಒಂದು ಸಣ್ಣ ಕೊಯ್ತ, ಆಮೇಲೆ ನಾಲ್ಕೈದು ವರ್ಷದವರೆಗೆ ರಾತ್ರಿ ಪಟ್ಟಿ ಕಟ್ಟಿದ ಬೂಟು. ಆ ಬೂಟನ್ನು ಮಗು ಅಳುತ್ತದೆ ಅಂತ ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಯಾರಾದರೂ, ಹಾಗಾದರೆ ನಾಟಿ ಕಟ್ಟು ಹಾಕಿಸೋಣ, ಆಪರೇಷನ್ ಬೇಡ ಅಂತ ಸಂಶೋಧನೆಯೇ ಹೇಳಿದೆಯಲ್ಲ ಅಂದರೆ ಅದು ಅಪಾಯದ ಮಾತು. ಈ ಅಧ್ಯಯನಗಳಲ್ಲಿ ಆಪರೇಷನ್ ಇಲ್ಲದ ಗುಂಪಿಗೂ ಎಕ್ಸ್‌ರೇ ಇತ್ತು, ಪದೇ ಪದೇ ತಪಾಸಣೆ ಇತ್ತು, ಕೆಟ್ಟರೆ ಕೂಡಲೇ ಆಪರೇಷನ್ನಿಗೆ ಬದಲಾಯಿಸುವ ದಾರಿ ಇತ್ತು. ಬಿದಿರ ಸೀಳು ಇಟ್ಟು ಬಿಗಿದ ಕಟ್ಟಿನ ಕೆಳಗೆ ಬೆರಳು ನೀಲಿಯಾದರೂ, ಜೋಮು ಹಿಡಿದರೂ ಸಹಿಸಿಕೊಂಡು ಕೂತವರು ಕಾಲನ್ನೇ ಕಳೆದುಕೊಂಡ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಮೂಳೆ ಚರ್ಮ ಹರಿದು ಹೊರಬಂದಿದ್ದರೆ ಅಲ್ಲಿ ಈ ಚರ್ಚೆಯೇ ಇಲ್ಲ, ನೇರ ಆಪರೇಷನ್ ಥಿಯೇಟರಿಗೆ.

ಇನ್ಶೂರೆನ್ಸ್ ಕೂಡ ಇದರಲ್ಲಿ ಕೈ ಹಾಕುತ್ತದೆ. ನಮ್ಮ ಹೆಚ್ಚಿನ ಪಾಲಿಸಿಗಳಲ್ಲಿ 24 ಗಂಟೆ ಅಡ್ಮಿಟ್ ಆದರೆ ದುಡ್ಡು ಸಿಗುತ್ತದೆ. ಪ್ಲೇಟು ಹಾಕಿಸಿಕೊಂಡರೆ ಕ್ಲೇಮು ಆಗುತ್ತದೆ, ವಾರ ವಾರ ಬಂದು ಎಕ್ಸ್‌ರೇ ತೆಗೆಸಿ, ಬೂಟು ಕೊಂಡು, ಮೂರು ತಿಂಗಳು ಫಿಸಿಯೋಥೆರಪಿಗೆ ಹೋದರೆ ಎಲ್ಲಾ ಕೈಯಿಂದ. ಹಾಗಾಗಿ ಆಪರೇಷನ್ ಇಲ್ಲದ ದಾರಿ ಎಷ್ಟೋ ಮನೆಗೆ ಹೆಚ್ಚು ದುಬಾರಿಯಾಗಿ ಕಾಣುತ್ತದೆ. ಡಾಕ್ಟರನ್ನೊಬ್ಬರನ್ನೇ ದೂರಿ ಫಲವಿಲ್ಲ. ಸಂಶೋಧನೆ ಹೇಳಿದ್ದು ನಿಜಕ್ಕೂ ಜನರಿಗೆ ಮುಟ್ಟಬೇಕಾದರೆ ಬೂಟು, ಫಿಸಿಯೋಥೆರಪಿ ಮತ್ತು ಹೊರರೋಗಿ ತಪಾಸಣೆಗೆ ಸರ್ಕಾರಿ ಯೋಜನೆಗಳೂ ಖಾಸಗಿ ಪಾಲಿಸಿಗಳೂ ದುಡ್ಡು ಕೊಡಬೇಕು, ಬೇರೆ ದಾರಿ ಇಲ್ಲ.

ಕೊನೆಯದಾಗಿ ಮುರಿದ ಪಾದದ ಗಂಟಿನ ಆ ಮೊದಲ ಅಂಕವನ್ನು ಮತ್ತೆ ನೋಡಿ. ಆರು ತಿಂಗಳ ನಂತರ ನೂರಕ್ಕೆ 65, 66. ಅದು ಒಳ್ಳೆಯ ಆಸ್ಪತ್ರೆ, ಒಳ್ಳೆಯ ಸರ್ಜನ್, ಸರಿಯಾದ ಆರೈಕೆ ಸಿಕ್ಕಿದವರ ಸರಾಸರಿ. ನಮ್ಮಲ್ಲಿ ಆರು ವಾರಕ್ಕೆ ಎಲ್ಲಾ ಸರಿಹೋಗುತ್ತದೆ ಅಂತ ಹೇಳಿ ಕಳಿಸುತ್ತಾರೆ, ಎಂಟನೇ ವಾರಕ್ಕೆ ಇನ್ನೂ ಊತ ಇದ್ದರೆ ಆಪರೇಷನ್ ಕೆಟ್ಟಿತು ಅಂತ ಮನೆಯವರು ಬೇರೆ ಡಾಕ್ಟರನ್ನು ಹುಡುಕುತ್ತಾರೆ. ಸಂಜೆ ಹೊತ್ತಿಗೆ ಊದಿಕೊಳ್ಳುವುದು, ಬೆಳಗ್ಗೆ ಎದ್ದಾಗ ಬಿಗಿತ, ಮೆಟ್ಟಿಲು ಇಳಿಯುವಾಗ ಹಿಂಜರಿಕೆ, ಇವು ಹಲವು ತಿಂಗಳು ಇರುವುದು ಸಾಮಾನ್ಯ. ಊತ ಒಂದೇ ಸಮ ಏರುತ್ತಿದ್ದರೆ, ಮೀನಖಂಡ ನೋಯುತ್ತಾ ಬಿಗಿದರೆ, ಗಾಯದಿಂದ ನೀರು ಸೋರಿದರೆ ಅದು ಸಾಮಾನ್ಯ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ರಜೆ ಹಾಕುವವರು, ಕೂಲಿಗೆ ಬದಲಿ ಜನ ಹುಡುಕುವವರು, ಮಗಳ ಮದುವೆ ದಿನ ಗೊತ್ತು ಮಾಡುವವರು ಆರು ವಾರದ ಲೆಕ್ಕ ಬಿಟ್ಟು ಆರು ತಿಂಗಳಿಂದ ಒಂದು ವರ್ಷದ ಲೆಕ್ಕ ಹಾಕಿಕೊಳ್ಳಲಿ.